ಶೆಡ್ಡಿನಲ್ಲಿ ನಿಂತ ಕಾರು, ಜಾಮ್ ಆದ ಎಂಜಿನ್

ನಮ್ಮ ಕಾಸರಗೋಡಿನ ಕಡೆ ಹಳೆಯ ತೋಟದ ಮನೆಗಳಿಗೆ ಹೋದರೆ ಕೆಲವೆಡೆ ಅಡಿಕೆ ಶೆಡ್ಡಿನ ಮೂಲೆಯಲ್ಲಿ ಒಂದು ಕಾರು ನಿಂತಿರುವುದನ್ನು ಕಾಣಬಹುದು. ಹೆಚ್ಚಾಗಿ ಅದು ಅಂಬಾಸಿಡರ್, ಇಲ್ಲವೇ ಫಿಯೆಟ್. ಅದರ ಮೇಲೆ ಗೋಣಿಚೀಲ, ಒಳಗೆ ಕೋಳಿಯ ಸಂಸಾರ. ಯಜಮಾನರನ್ನು ಕೇಳಿದರೆ "ತಂದೆಯವರ ಕಾರು, ಎಂಜಿನ್ ಜಾಮ್ ಆಗಿದೆ, ಇನ್ನೇನು ಗುಜರಿಗೆ ಕೊಡುವುದೇ" ಎನ್ನುತ್ತಾರೆ. ಜಾಮ್ ಆದದ್ದೆಲ್ಲ ಸತ್ತದ್ದಲ್ಲ. ತಾಳ್ಮೆ ಇದ್ದರೆ ಇಂಥ ಎಂಜಿನುಗಳಲ್ಲಿ ಹಲವನ್ನು ಬಿಡಿಸಬಹುದು. ತಾಳ್ಮೆ ಇಲ್ಲದಿದ್ದರೆ ಒಳ್ಳೆಯ ಎಂಜಿನನ್ನೂ ಒಂದೇ ಗಂಟೆಯಲ್ಲಿ ಗುಜರಿ ಮಾಡಬಹುದು. ಅದು ಹೇಗೆಂದು ಇಂದು ವಿವರಿಸುತ್ತೇನೆ.

ನಾನು ಮೆಕ್ಯಾನಿಕ್ ಅಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಆದರೆ ನಮ್ಮ ಊರಿನ ಕೃಷಿಕರೊಬ್ಬರ ಮನೆಯಲ್ಲಿ 1974ರ ಅಂಬಾಸಿಡರ್ ಮಾರ್ಕ್ 2 ಕಾರಿನ ಎಂಜಿನ್ ಬಿಡಿಸಿದಾಗ ಮೊದಲ ದಿನದಿಂದ ಕೊನೆಯ ದಿನದವರೆಗೆ ಜೊತೆಗಿದ್ದು, ಪ್ರತಿದಿನ ಏನು ಮಾಡಿದೆವು ಎಂದು ಪುಸ್ತಕದಲ್ಲಿ ತಾರೀಕು ಸಹಿತ ಬರೆದಿಟ್ಟಿದ್ದೇನೆ. ಲೆಕ್ಕ ಬರೆಯುವುದು ನನ್ನ ಹಳೆಯ ಅಭ್ಯಾಸ. ಕೆಲಸ ಮಾಡಿದವರು ನಲವತ್ತು ವರ್ಷ ಅಂಬಾಸಿಡರ್ ರಿಪೇರಿ ಮಾಡಿದ ಒಬ್ಬ ಮೇಸ್ತ್ರಿ. ನಾನು ಹೇಳುವುದರಲ್ಲಿ ಹೆಚ್ಚಿನದು ಅವರಿಂದ ಕಲಿತದ್ದು.

ಮೊದಲು ಎಂಜಿನಿನ ಪರಿಚಯ ಬೇಕು. ಅಂಬಾಸಿಡರ್ ಕಾರು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಮಾದರಿಯ ಭಾರತೀಯ ರೂಪ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಂಪೆನಿ ಇದನ್ನು 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಿಸಿತು. ಹಳೆಯ ಪೆಟ್ರೋಲ್ ಅಂಬಾಸಿಡರುಗಳಲ್ಲಿರುವುದು 1489 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್. ಸಿಲಿಂಡರಿನ ಒಳವ್ಯಾಸ ಸುಮಾರು 73 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ ಸುಮಾರು 89 ಮಿಲಿಮೀಟರ್. ಬ್ಲಾಕು ಎರಕದ ಕಬ್ಬಿಣದ್ದು, ಮೇಲಿನ ಹೆಡ್ಡೂ ಎರಕದ ಕಬ್ಬಿಣದ್ದೇ. ಪಿಸ್ಟನ್ ಮಾತ್ರ ಅಲ್ಯೂಮಿನಿಯಮ್. ಪಿಸ್ಟನಿಗೆ ಬಳೆಯಂತೆ ತೊಡಿಸಿದ ರಿಂಗುಗಳು ಮತ್ತೆ ಕಬ್ಬಿಣ. ಈ ರಿಂಗುಗಳು ಸಿಲಿಂಡರಿನ ಗೋಡೆಗೆ ಸದಾ ಒತ್ತಿಕೊಂಡೇ ಇರುತ್ತವೆ. ನಡುವೆ ಇರುವುದು ಎಣ್ಣೆಯ ತೆಳುವಾದ ಪದರ ಮಾತ್ರ.

ಕಾರು ನಿಂತರೆ ಈ ಪದರ ನಿಧಾನವಾಗಿ ಕೆಳಗಿಳಿಯುತ್ತದೆ. ವರ್ಷ ಕಳೆದಂತೆ ಕಬ್ಬಿಣ ಬರಿದಾಗುತ್ತದೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ಜೊತೆಗೆ ಕಡಲ ಕಡೆಯ ಗಾಳಿ. ಆಟಿ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸ್ಟು ಬರುವ ಊರಿದು. ರಾತ್ರಿ ತಣ್ಣಗಾದ ಕಬ್ಬಿಣಕ್ಕೆ ಬೆಳಗಿನ ತೇವದ ಗಾಳಿ ತಾಗಿದರೆ ಅದರ ಮೇಲೆ ನೀರಿನ ಹನಿ ಕೂರುತ್ತದೆ. ಹನಿ ಕುಳಿತಲ್ಲಿ ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ರಿಂಗು ಮತ್ತು ಗೋಡೆಯ ನಡುವೆ ಅಷ್ಟು ಜಾಗ ಎಲ್ಲಿದೆ? ತುಕ್ಕು ಬೆಣೆಯಂತೆ ಹೊಕ್ಕು ಎರಡನ್ನೂ ಬಿಗಿಯಾಗಿ ಹಿಡಿಯುತ್ತದೆ. ನೀರು ಹೆಚ್ಚಿದ್ದರೆ ಅಲ್ಯೂಮಿನಿಯಮ್ ಪಿಸ್ಟನ್ ಕೂಡ ಸವೆದು ಬಿಳಿ ಪುಡಿ ಕಟ್ಟುತ್ತದೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಓಡುತ್ತಿರುವಾಗ ಎಣ್ಣೆಯೋ ನೀರೋ ಮುಗಿದು, ಕಾದು ಹಿಡಿದ ಎಂಜಿನ್ ಬೇರೆ. ಅದರಲ್ಲಿ ಲೋಹ ಲೋಹವನ್ನು ಕೆರೆದು ಹಾಳು ಮಾಡಿರುತ್ತದೆ. ಅದನ್ನು ಬಿಚ್ಚದೆ ದಾರಿ ಇಲ್ಲ. ಚೆನ್ನಾಗಿ ಓಡುತ್ತಿದ್ದು, ನಿಲ್ಲಿಸಿದ ಮೇಲೆ ತುಕ್ಕಿನಿಂದ ಹಿಡಿದ ಎಂಜಿನ್ ಬೇರೆ. ನಾವು ಈಗ ಮಾತಾಡುವುದು ಈ ಎರಡನೆಯದರ ಬಗ್ಗೆ. ಆದ್ದರಿಂದ ಮೊದಲ ಪ್ರಶ್ನೆ ಇದು: ಕಾರು ಶೆಡ್ಡಿಗೆ ತಾನಾಗಿಯೇ ಓಡಿಕೊಂಡು ಬಂತೋ, ಎಳೆದುಕೊಂಡು ಬಂದದ್ದೋ? ನಮ್ಮ ಊರಿನ ಆ ಕಾರು 2006ರಲ್ಲಿ ತಾನೇ ಓಡಿ ಬಂದು ನಿಂತದ್ದು. ಹಿರಿಯರು ತೀರಿಹೋದ ಮೇಲೆ ಯಾರೂ ಕೀಲಿ ಮುಟ್ಟಲಿಲ್ಲ. ಹದಿನೆಂಟು ಮಳೆಗಾಲ ಕಳೆಯಿತು.

ಆ ಕಾರಿಗೆ ಊರಿನಲ್ಲಿ ಒಂದು ಹೆಸರಿತ್ತು. ಬಸ್ಸು ವಿರಳವಾಗಿದ್ದ ಕಾಲದಲ್ಲಿ ಹೆರಿಗೆಗೆ, ಹಾವು ಕಚ್ಚಿದವರಿಗೆ, ನಡುರಾತ್ರಿ ಮಂಗಳೂರಿನ ಆಸ್ಪತ್ರೆಗೆ ಹೋಗಲು ಅದೇ ಗತಿ. ನಮ್ಮ ನೆರೆಕರೆಯಲ್ಲಿ ಆ ಕಾರಿನಲ್ಲಿ ಹೋಗಿ ಹುಟ್ಟಿದ ಮಕ್ಕಳು ಈಗ ಮಕ್ಕಳ ಮದುವೆ ಮಾಡುವ ವಯಸ್ಸಿನಲ್ಲಿದ್ದಾರೆ. 2024ರ ಕೊನೆಗೆ ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ಮನೆಯ ಮಗನಿಗೆ ಮನಸ್ಸಿಲ್ಲ. ಅವನ ಉಪಾಯವೆಂದರೆ ಜೀಪಿಗೆ ಹಗ್ಗ ಕಟ್ಟಿ, ಕಾರನ್ನು ಗೇರಿಗೆ ಹಾಕಿ ಎಳೆಯುವುದು. "ಎಳೆದರೆ ಬಿಡದೆ ಎಲ್ಲಿಗೆ ಹೋಗುತ್ತದೆ?" ಎಂದು ಅವನ ವಾದ.

ಮೇಸ್ತ್ರಿ ಹಗ್ಗವನ್ನು ಬಿಚ್ಚಿಸಿ ಹೇಳಿದರು: "ಎಳೆದರೆ ಏನೋ ಒಂದು ಬಿಡುತ್ತದೆ ತಮ್ಮಾ. ಯಾವುದು ಬಿಡುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ."

ಈ ಮಾತು ಬಹಳ ಮುಖ್ಯ. ಒಂದೇ ಒಂದು ಪಿಸ್ಟನ್ ಹಿಡಿದಿರುವಾಗ ಜೀಪಿನ ಬಲ ಪೂರ್ತಿ ಆ ಒಂದರ ಮೇಲೆ ಬೀಳುತ್ತದೆ. ಕನೆಕ್ಟಿಂಗ್ ರಾಡು ಬಾಗಬಹುದು. ರಿಂಗು ತುಂಡಾಗಿ ಸಿಲಿಂಡರಿನ ಗೋಡೆಯನ್ನು ಉದ್ದಕ್ಕೆ ಗೀರಬಹುದು. ಪಿಸ್ಟನಿನಲ್ಲಿ ರಿಂಗು ಕೂರುವ ಅಂಚು ಒಡೆಯಬಹುದು. ಹೊಸ ಬ್ಯಾಟರಿ ತಂದು ಸ್ಟಾರ್ಟರ್ ಒತ್ತುವುದೂ ಅದೇ ಜಾತಿಯ ಕೆಲಸ. ಅದರಲ್ಲಿ ಫ್ಲೈವೀಲಿನ ಹಲ್ಲು ಹೋಗುತ್ತದೆ, ಇಲ್ಲವೇ ಸ್ಟಾರ್ಟರ್ ಸುಡುತ್ತದೆ. ಆದ್ದರಿಂದ ಮೊದಲ ನಿಯಮ: ಎಂಜಿನ್ ಕೈಯಿಂದ ಸರಾಗವಾಗಿ ತಿರುಗುವವರೆಗೆ ಸ್ಟಾರ್ಟರ್ ಬೇಡ, ಹಗ್ಗ ಬೇಡ.

ಇನ್ನು ಪರೀಕ್ಷೆ. ಎಂಜಿನ್ ನಿಜವಾಗಿಯೂ ಹಿಡಿದಿದೆಯೇ? ಗೇರನ್ನು ನ್ಯೂಟ್ರಲ್‌ಗೆ ತಂದು ಕಾರನ್ನು ದೂಡಿ ನೋಡಿ. ದೂಡಿದರೂ ಚಲಿಸದಿದ್ದರೆ ಹಿಡಿದಿರುವುದು ಬ್ರೇಕು. ಅದನ್ನು ಮೊದಲು ಬಿಡಿಸಬೇಕು. ಆಮೇಲೆ ಫ್ಯಾನ್ ಬೆಲ್ಟು ಕಳಚಿ. ಡೈನಮೋ ಅಥವಾ ನೀರಿನ ಪಂಪು ಜಾಮ್ ಆಗಿದ್ದರೂ ಎಂಜಿನ್ ಬಿಗಿಯಾದಂತೆ ತೋರುತ್ತದೆ. ಮೂರನೆಯದಾಗಿ ಸ್ಟಾರ್ಟರ್ ಮೋಟಾರು. ಹಳೆಯ ಸ್ಟಾರ್ಟರುಗಳ ಸಣ್ಣ ಹಲ್ಲುಚಕ್ರ ಫ್ಲೈವೀಲಿನ ಹಲ್ಲಿಗೆ ಸಿಕ್ಕಿ ಹಾಕಿಕೊಳ್ಳುವುದುಂಟು. ಅಂಥ ಸ್ಟಾರ್ಟರಿನ ಹಿಂತುದಿಯ ಟೊಪ್ಪಿ ತೆಗೆದರೆ ಒಳಗೆ ಚೌಕದ ತುದಿ ಇರುತ್ತದೆ. ಅದನ್ನು ಸ್ಪ್ಯಾನರಿನಿಂದ ತಿರುಗಿಸಿದರೆ ಹಲ್ಲು ಬಿಟ್ಟುಕೊಳ್ಳುತ್ತದೆ. ಎಂಜಿನ್ ಜಾಮ್ ಎಂದು ಗುಜರಿಗೆ ಹೊರಟ ಕಾರಿನಲ್ಲಿ ಕೊನೆಗೆ ಇಷ್ಟೇ ತೊಂದರೆ ಇದ್ದದ್ದೂ ಉಂಟೆಂದು ಮೇಸ್ತ್ರಿ ಹೇಳಿದರು.

ಇವೆಲ್ಲ ಸರಿ ಇದ್ದು, ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಸಾಧಾರಣ ಬಲದಲ್ಲಿ ತಿರುಗಿಸಿದರೂ ಅಲುಗದಿದ್ದರೆ ಆಗ ಎಂಜಿನ್ ಹಿಡಿದಿದೆ ಎಂದು ಬರೆದುಕೊಳ್ಳಬಹುದು.

ಕೆಲಸ ಪ್ರಾರಂಭಿಸುವ ಮೊದಲು ಸುರಕ್ಷತೆ. ಬ್ಯಾಟರಿಯ ತಂತಿ ಕಳಚಿ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ಖಾಲಿ ಮಾಡಿ. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹತ್ತಿರ ಬೀಡಿ ಸಿಗರೇಟು ಬೇಡ. ರೇಡಿಯೇಟರಿನ ಮತ್ತು ಬ್ಲಾಕಿನ ನೀರಿನ ತಿರುಪು ಬಿಚ್ಚಿ, ಒಳಗಿನ ಕೆಂಪು ನೀರನ್ನು ಹೊರಗೆ ಬಿಡಿ.

ಈಗ ಸ್ಪಾರ್ಕ್ ಪ್ಲಗ್ಗುಗಳು. ಸುತ್ತಲಿನ ಕಸವನ್ನು ಗಾಳಿ ಹೊಡೆದು ತೆಗೆದ ಮೇಲೆಯೇ ಬಿಚ್ಚಬೇಕು, ಇಲ್ಲದಿದ್ದರೆ ಕಸ ಒಳಗೆ ಬೀಳುತ್ತದೆ. ಬಿಗಿಯಾಗಿದ್ದರೆ ತುಕ್ಕುಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಸ್ವಲ್ಪ ಬಿಗಿಸುತ್ತಾ ಸ್ವಲ್ಪ ಸಡಿಲಿಸುತ್ತಾ ಹೊರತೆಗೆಯಿರಿ. ಪ್ಲಗ್ಗುಗಳಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಚೀಟಿ ಅಂಟಿಸಿ ಸಾಲಾಗಿ ಇಡಿ. ಅವುಗಳ ತುದಿಯೇ ಮೊದಲ ಸಾಕ್ಷಿ. ನಮ್ಮ ಕಾರಿನಲ್ಲಿ ಒಂದು ಮತ್ತು ಮೂರನೆಯ ಪ್ಲಗ್ಗು ಒಣಗಿ ಕಪ್ಪಾಗಿದ್ದವು. ಎರಡು ಮತ್ತು ನಾಲ್ಕನೆಯದು ಕೆಂಪು ತುಕ್ಕಿನ ಬಣ್ಣ.

ಇದು ಆಕಸ್ಮಿಕವಲ್ಲ, ಇದಕ್ಕೆ ಲೆಕ್ಕವಿದೆ. ಈ ಎಂಜಿನಿನಲ್ಲಿ ಕಿಡಿ ಹೊತ್ತುವ ಸರದಿ ಒಂದು, ಮೂರು, ನಾಲ್ಕು, ಎರಡು. ಎಂಜಿನ್ ನಿಲ್ಲುವಾಗ ಒಂದನೆಯ ಸಿಲಿಂಡರ್ ಬಲ ಕೊಡುವ ಹಂತದ ನಡುವೆ ಇತ್ತೆಂದು ಇಟ್ಟುಕೊಳ್ಳಿ. ಆಗ ಮೂರನೆಯದು ಒತ್ತುವ ಹಂತದಲ್ಲಿ. ಈ ಎರಡರಲ್ಲಿಯೂ ವಾಲ್ವುಗಳು ಮುಚ್ಚಿರುತ್ತವೆ. ನಾಲ್ಕನೆಯದು ಗಾಳಿ ಎಳೆಯುವ ಹಂತ, ಅದರ ಒಳವಾಲ್ವು ತೆರೆದಿದೆ. ಎರಡನೆಯದು ಹೊಗೆ ಬಿಡುವ ಹಂತ, ಅದರ ಹೊರವಾಲ್ವು ತೆರೆದಿದೆ. ಅಂದರೆ ಎರಡು ಕೋಣೆಗಳ ಬಾಗಿಲು ಮುಚ್ಚಿತ್ತು, ಎರಡು ಕೋಣೆಗಳ ಬಾಗಿಲು ಹದಿನೆಂಟು ಮಳೆಗಾಲ ತೆರೆದೇ ಇತ್ತು. ತೇವ ಸೈಲೆನ್ಸರಿನ ದಾರಿಯಾಗಿ ಎರಡನೆಯದಕ್ಕೂ, ಕಾರ್ಬುರೇಟರಿನ ದಾರಿಯಾಗಿ ನಾಲ್ಕನೆಯದಕ್ಕೂ ಹೊಕ್ಕಿತು. ಹೆಚ್ಚಿನ ಕಾರುಗಳಲ್ಲಿ ನಾಲ್ಕೂ ಪಿಸ್ಟನ್ ಒಂದೇ ಬಗೆಯಲ್ಲಿ ಹಿಡಿದಿರುವುದಿಲ್ಲ. ಕೆಟ್ಟದ್ದು ಒಂದೋ ಎರಡೋ. ಅದು ಯಾವುದೆಂದು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ.

ಮುಂದಿನ ಹೆಜ್ಜೆ ಹೆಡ್ಡಿನ ಮೇಲಿನ ಮುಚ್ಚಳ ತೆಗೆದು ವಾಲ್ವುಗಳನ್ನು ನೋಡುವುದು. ಅನೇಕರು ಇದನ್ನು ಬಿಟ್ಟುಬಿಡುತ್ತಾರೆ. ವರ್ಷಗಟ್ಟಲೆ ತೆರೆದು ನಿಂತ ವಾಲ್ವು ತನ್ನ ಕೊಳವೆಯಲ್ಲಿಯೇ ಅಂಟಿರಬಹುದು. ಹಾಗಿರುವಾಗ ಎಂಜಿನ್ ತಿರುಗಿಸಿದರೆ ಪುಶ್ ರಾಡು ಬಾಗುತ್ತದೆ, ಇಲ್ಲವೇ ಮೇಲೆ ಬರುವ ಪಿಸ್ಟನ್ ವಾಲ್ವಿಗೆ ತಾಗುವ ಅಪಾಯ. ಟ್ಯಾಪೆಟ್ಟಿನ ತಿರುಪು ಸಡಿಲಿಸಿ, ರಾಕರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಪುಶ್ ರಾಡು ಮೇಲಕ್ಕೆ ಬರುತ್ತದೆ. ಎಳೆಯುವ ಮೊದಲು ಅದನ್ನು ಒಮ್ಮೆ ತಿರುವಬೇಕು, ಇಲ್ಲದಿದ್ದರೆ ಕೆಳಗಿನ ಟ್ಯಾಪೆಟ್ಟೂ ಎಣ್ಣೆಗೆ ಅಂಟಿಕೊಂಡು ಮೇಲೆ ಬರುತ್ತದೆ. ರಟ್ಟಿನ ತುಂಡಿಗೆ ಎಂಟು ತೂತು ಮಾಡಿ, ನಂಬರು ಬರೆದು, ಸಾಲಿಗೆ ಸರಿಯಾಗಿ ಚುಚ್ಚಿಡಿ. ರಾಕರಿನ ಶಾಫ್ಟನ್ನು ಮಾತ್ರ ಸುಮ್ಮನೆ ಬಿಚ್ಚಬೇಡಿ. ಈ ಎಂಜಿನಿನಲ್ಲಿ ಅದನ್ನು ಹಿಡಿದಿರುವ ದೊಡ್ಡ ನಟ್ಟುಗಳು ಹೆಡ್ಡನ್ನೂ ಹಿಡಿದಿವೆ. ಅವನ್ನಷ್ಟೇ ಬಿಚ್ಚಿದರೆ ಹೆಡ್ಡು ಓರೆಯಾಗುವ ಸಂಭವವಿದೆ.

ಪುಶ್ ರಾಡು ತೆಗೆದ ಮೇಲೆ ಎಲ್ಲ ವಾಲ್ವುಗಳೂ ಸ್ಪ್ರಿಂಗಿನ ಬಲದಿಂದ ಮೇಲೆದ್ದು ಮುಚ್ಚಿಕೊಳ್ಳಬೇಕು. ನಮ್ಮ ಕಾರಿನಲ್ಲಿ ಎರಡನೆಯ ಸಿಲಿಂಡರಿನ ಹೊರವಾಲ್ವು ಏಳಲಿಲ್ಲ. ಅದರ ಕಾಂಡಕ್ಕೆ ದಿನಕ್ಕೆ ಎರಡು ಸಲ ಎಣ್ಣೆ ಬಿಟ್ಟು, ನಾಲ್ಕನೆಯ ದಿನ ಮೇಲೆ ತಾಮ್ರದ ತುಂಡು ಇಟ್ಟು ಮೇಸ್ತ್ರಿ ಸಣ್ಣಗೆ ತಟ್ಟಿದರು. ಕೂದಲೆಳೆಯಷ್ಟು ಕೆಳಗೆ ಹೋಗಿ, ಟಪ್ಪೆಂದು ಮೇಲಕ್ಕೆ ಹಾರಿತು.

ಈಗ ಮುಖ್ಯವಾದ ಎಣ್ಣೆಯ ಚಿಕಿತ್ಸೆ. ಏನು ಹಾಕಬೇಕು ಎಂಬುದರಲ್ಲಿ ಊರಿಗೊಂದು ಮತ. ಕೆಲವರು ಡೀಸೆಲಿಗೆ ಎಂಜಿನ್ ಆಯಿಲ್ ಬೆರೆಸುತ್ತಾರೆ. ಕೆಲವರು ಸೀಮೆಎಣ್ಣೆ ಎನ್ನುತ್ತಾರೆ. ಆಟೋಮ್ಯಾಟಿಕ್ ಗೇರುಪೆಟ್ಟಿಗೆಗೆ ಹಾಕುವ ಕೆಂಪು ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸುವುದು ಇನ್ನೊಂದು ಪ್ರಸಿದ್ಧ ವಿಧಾನ. ಅಸಿಟೋನಿಗೆ ಸಂದಿಯಲ್ಲಿ ಹೊಕ್ಕುವ ಗುಣವಿದೆ. ಆದರೆ ಅದು ಬೇಗ ಆರಿಹೋಗುತ್ತದೆ, ಪೈಂಟು ತಿನ್ನುತ್ತದೆ, ಪೆಟ್ರೋಲಿನಂತೆಯೇ ಬೆಂಕಿ ಹಿಡಿಯುತ್ತದೆ. ಎಣ್ಣೆಯೊಂದಿಗೆ ಬೆರೆತು ನಿಲ್ಲುವುದೂ ಇಲ್ಲ, ಪ್ರತಿ ಸಲ ಬಾಟಲಿ ಕುಲುಕಿ ಹಾಕಬೇಕು. ನಮ್ಮ ಮೇಸ್ತ್ರಿ ಹಾಕಿದ್ದು ಡೀಸೆಲ್ ಮತ್ತು ಕೆಂಪು ಎಣ್ಣೆಯ ಮಿಶ್ರಣ. ಯಾವುದನ್ನು ಹಾಕಿದರೂ ಕೆಲಸ ಮಾಡುವುದು ಕಾಲ ಎಂದು ಅವರ ಅಭಿಪ್ರಾಯ.

ಸಿರಿಂಜಿಗೆ ಸಪೂರ ಕೊಳವೆ ಸಿಕ್ಕಿಸಿ ಪ್ರತಿ ಸಿಲಿಂಡರಿಗೆ ಸುಮಾರು 50 ಮಿಲಿಲೀಟರ್ ಬಿಡಬೇಕು. ತೂತಿಗೆ ಬಟ್ಟೆಯ ಬಿರಡೆ ಸಡಿಲವಾಗಿ ಇಡಿ. ಮರುದಿನ ಬೆಳಿಗ್ಗೆ ಎಣ್ಣೆಯ ಮಟ್ಟ ನೋಡಿ. ನಾವು ಇದಕ್ಕೆ ಹಿಡಿಸೂಡಿಯ ಕಡ್ಡಿಯನ್ನೇ ಬಳಸಿದೆವು. ಒಣ ಕಡ್ಡಿಯಾದರೆ ಒಳಗೆ ಮುರಿಯುತ್ತದೆ, ಹಸಿ ಮಡಲಿನಿಂದ ಸಿಗಿದ ಕಡ್ಡಿಯೇ ಆಗಬೇಕು. ಎಣ್ಣೆ ಇಳಿದಿದ್ದರೆ ಅದು ರಿಂಗುಗಳ ಸಂದಿಯಿಂದ ಕೆಳಗೆ ಹೋಗಿದೆ ಎಂದರ್ಥ. ಅದು ಶುಭಸೂಚನೆ. ಇಳಿಯದೆ ನಿಂತಿದ್ದರೆ ಅಲ್ಲಿಯೇ ತುಕ್ಕು ಬಿಗಿಯಾಗಿದೆ. ನನ್ನ ಪುಸ್ತಕದಲ್ಲಿ ಬರೆದದ್ದು ಹೀಗಿದೆ: ಒಂದು ಮತ್ತು ಮೂರನೆಯದರಲ್ಲಿ ಮೊದಲ ರಾತ್ರಿಯೇ ಎಣ್ಣೆ ಖಾಲಿ. ನಾಲ್ಕನೆಯದರಲ್ಲಿ ಎರಡು ದಿನಕ್ಕೆ ಅರ್ಧ. ಎರಡನೆಯದರಲ್ಲಿ ಐದು ದಿನ ಕಳೆದರೂ ಹಾಕಿದಷ್ಟೇ ಇದೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಎಲ್ಲ ಪುಟ ಹುಡುಕುವುದಿಲ್ಲ, ವ್ಯತ್ಯಾಸ ಯಾವ ಕೌಂಟರಿನದೆಂದು ಮೊದಲು ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಪ್ಲಗ್ಗಿನ ತುಕ್ಕು, ಏಳದ ವಾಲ್ವು, ಇಳಿಯದ ಎಣ್ಣೆ, ಮೂರೂ ಎರಡನೆಯ ನಂಬರನ್ನೇ ತೋರಿಸಿದವು.

ಎಣ್ಣೆಯ ಜೊತೆಗೆ ಬಿಸಿಯೂ ಸಹಾಯ ಮಾಡುತ್ತದೆ. ಅಲ್ಯೂಮಿನಿಯಮ್ ಬಿಸಿಗೆ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬಿಸಿ ಮಾಡಿ ತಣಿಯಲು ಬಿಟ್ಟರೆ ಪಿಸ್ಟನ್ ಒಂದು ಲೆಕ್ಕದಲ್ಲಿ, ಬ್ಲಾಕು ಇನ್ನೊಂದು ಲೆಕ್ಕದಲ್ಲಿ ಹಿಗ್ಗಿ ಕುಗ್ಗಿ, ನಡುವಿನ ತುಕ್ಕು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಗ್ಯಾಸಿನ ಜ್ವಾಲೆ ಹಿಡಿಯಬಾರದು, ಒಳಗೆ ಉರಿಯುವ ವಸ್ತುವಿದೆ, ಎರಕದ ಕಬ್ಬಿಣ ಒಡೆಯಲೂಬಹುದು. ಸ್ನಾನಕ್ಕೆ ಕಾಯಿಸುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿಯಾದ ನೀರನ್ನು, ಕುದಿಯುವುದನ್ನಲ್ಲ, ರೇಡಿಯೇಟರಿನ ಬಾಯಿಯಿಂದ ನಿಧಾನವಾಗಿ ತುಂಬಿ, ತಣಿದ ಮೇಲೆ ಬಿಡಬೇಕು. ನಾವು ಇದನ್ನು ದಿನಕ್ಕೊಮ್ಮೆಯಂತೆ ಆರು ದಿನ ಮಾಡಿದೆವು.

ಇನ್ನು ಅಲುಗಿಸುವ ಕ್ರಮ. ಮುಂದಿನಿಂದ ನೋಡಿದರೆ ಈ ಎಂಜಿನ್ ತಿರುಗುವುದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ. ಪುಲ್ಲಿಯ ನಟ್ಟಿನಲ್ಲಿ ಬಲ ಕೊಡುವುದಾದರೆ ಆ ದಿಕ್ಕಿನಲ್ಲಿ ಮಾತ್ರ, ತಿರುಗುಮುರುಗು ಮಾಡಿದರೆ ನಟ್ಟೇ ಬಿಚ್ಚಿಕೊಳ್ಳುತ್ತದೆ. ಎರಡೂ ಕಡೆಗೆ ಅಲುಗಿಸಲು ಒಳ್ಳೆಯ ಉಪಾಯ ಕಾರನ್ನೇ ದೂಡುವುದು. ಸ್ಟಿಯರಿಂಗ್ ಪಕ್ಕದ ಗೇರುಕೋಲನ್ನು ನಾಲ್ಕನೆಯ ಗೇರಿಗೆ ಹಾಕಿ, ಇಬ್ಬರು ಹಿಂದೆ, ಇಬ್ಬರು ಮುಂದೆ ನಿಂತು ತೊಟ್ಟಿಲು ತೂಗಿದಂತೆ ತೂಗಬೇಕು. ಒಂದನೆಯ ಗೇರು ಯಾಕೆ ಬೇಡವೆಂದರೆ, ಅದರಲ್ಲಿ ಚಕ್ರ ಒಂದು ಸುತ್ತು ಬರಲು ಎಂಜಿನ್ ಹಲವು ಸುತ್ತು ತಿರುಗಬೇಕು, ನಮ್ಮ ಬಲ ಹಂಚಿಹೋಗುತ್ತದೆ. ಮೇಲಿನ ಗೇರಿನಲ್ಲಿ ನಾವು ದೂಡಿದ ಬಲ ಹೆಚ್ಚಾಗಿ ಎಂಜಿನಿಗೆ ತಲುಪುತ್ತದೆ. ಒಂದೇ ಹಿಂದಿನ ಚಕ್ರಕ್ಕೆ ಜಾಕ್ ಕೊಟ್ಟು ಅದನ್ನು ತಿರುಗಿಸುವುದೂ ಬೇಡ. ನಾಲ್ಕೂ ಚಕ್ರ ನೆಲದಲ್ಲಿರಲಿ. ಮನುಷ್ಯರ ಕೈಬಲ ಸಾಕು, ಜೀಪಿನ ಬಲ ಬೇಡ. ದಿನಕ್ಕೆ ಹತ್ತು ನಿಮಿಷ ತೂಗಿ ಬಿಟ್ಟುಬಿಡಬೇಕು.

ಹನ್ನೆರಡನೆಯ ದಿನ ಸಂಜೆ ಪುಲ್ಲಿಯ ಮೇಲೆ ಸುಣ್ಣದಲ್ಲಿ ಹಾಕಿದ ಗುರುತು ಅರ್ಧ ಬೆರಳಷ್ಟು ಸರಿಯಿತು. ಮನೆಯ ಮಗ "ಇನ್ನೊಂದು ಸಲ ಜೋರಾಗಿ ದೂಡೋಣ" ಎಂದು ಹೊರಟ. ಮೇಸ್ತ್ರಿ ಅಲ್ಲಿಗೇ ನಿಲ್ಲಿಸಿದರು. ಇದನ್ನು ನೆನಪಿಡಬೇಕು. ಅಲುಗಿದ ಕೂಡಲೇ ಪೂರ್ತಿ ಸುತ್ತು ತಿರುಗಿಸಬಾರದು. ರಿಂಗು ಕುಳಿತಿದ್ದ ಜಾಗದ ಮೇಲೆ ಕೆಳಗೆ ತುಕ್ಕಿನ ದಿಬ್ಬವಿರುತ್ತದೆ. ಅದರ ಮೇಲೆ ಬಲವಂತವಾಗಿ ಎಳೆದರೆ ರಿಂಗು ಮುರಿಯುತ್ತದೆ. ಮುಂದೆ ಹೋದಷ್ಟೇ ಹಿಂದೆ ತಂದು, ಪುನಃ ಎಣ್ಣೆ ಬಿಟ್ಟು, ಮರುದಿನ ಇನ್ನೊಂದಿಷ್ಟು. ಹೀಗೆ ಹದಿನಾರನೆಯ ದಿನ ಎಂಜಿನ್ ಪೂರ್ತಿ ಒಂದು ಸುತ್ತು ಬಂತು. ಎಂಬತ್ತು ದಾಟಿದ ಮನೆಯ ಅಮ್ಮ ಜಗಲಿಯಿಂದ ಎದ್ದು ಬಂದು, ಏನೂ ಹೇಳದೆ, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು.

ಎಲ್ಲ ಎಂಜಿನೂ ಹೀಗೆ ಬಿಡುವುದಿಲ್ಲ. ಒಂದು ತಿಂಗಳಾದರೂ ಅಲುಗದಿದ್ದರೆ ಹೆಡ್ಡು ಬಿಚ್ಚಬೇಕು. ಆಗ ಪಿಸ್ಟನ್ ಕಣ್ಣಿಗೆ ಕಾಣುತ್ತದೆ, ಮೇಲಿನ ತುಕ್ಕನ್ನು ಒರಸಿ ತೆಗೆಯಬಹುದು. ಪಿಸ್ಟನಿನ ಮೇಲೆ ಗಟ್ಟಿ ಮರದ ತುಂಡು ಇಟ್ಟು ಸುತ್ತಿಗೆಯಿಂದ ತಟ್ಟುವ ಕ್ರಮವಿದೆ. ಆದರೆ ಒಂದು ಮತ್ತು ನಾಲ್ಕನೆಯ ಪಿಸ್ಟನ್ ಒಟ್ಟಿಗೆ ಏರಿ ಇಳಿಯುತ್ತವೆ, ಎರಡು ಮತ್ತು ಮೂರು ಅವಕ್ಕೆ ಎದುರಾಗಿ. ಪಿಸ್ಟನ್ ನಡುವಿನಲ್ಲಿ ನಿಂತಿದ್ದರೆ ತಟ್ಟಿದ ಪೆಟ್ಟು ಕ್ರ್ಯಾಂಕನ್ನು ತಿರುಗಿಸುತ್ತದೆ. ತೀರಾ ಮೇಲೋ ತೀರಾ ಕೆಳಗೋ ನಿಂತಿದ್ದರೆ ರಾಡು ನೆಟ್ಟಗೆ ಇರುತ್ತದೆ, ಎಷ್ಟು ಬಡಿದರೂ ಪೆಟ್ಟು ಬೇರಿಂಗಿಗೆ ಬೀಳುವುದೇ ಹೊರತು ಕ್ರ್ಯಾಂಕು ತಿರುಗುವುದಿಲ್ಲ. ಇದನ್ನು ತಿಳಿಯದೆ ಬಡಿದು ಪಿಸ್ಟನ್ ಒಡೆದವರಿದ್ದಾರೆ. ಅದಕ್ಕೂ ಬಗ್ಗದಿದ್ದರೆ ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು. ಸಿಲಿಂಡರಿನ ಗೋಡೆಯಲ್ಲಿ ಆಳವಾದ ಕುಳಿಗಳಿದ್ದರೆ ಲೇತ್ ವರ್ಕ್‌ಶಾಪಿನಲ್ಲಿ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕುವುದು, ಇಲ್ಲವೇ ಹೊಸ ಲೈನರ್ ಕೂರಿಸುವುದು ದಾರಿ.

ಬಿಟ್ಟ ಮೇಲೂ ಅವಸರ ಬೇಡ. ಸಂಪಿನ ಎಣ್ಣೆಗೆ ನಾವು ಹಾಕಿದ ಡೀಸೆಲ್ ಬೆರೆತಿರುತ್ತದೆ. ಅದರಲ್ಲಿ ಎಂಜಿನ್ ಓಡಿಸಿದರೆ ಬೇರಿಂಗು ಹೋಯಿತು. ಅದನ್ನು ಪೂರ್ತಿ ಬಿಟ್ಟು, ಫಿಲ್ಟರ್ ಬದಲಿಸಿ, ಹೊಸ ಎಣ್ಣೆ ಹಾಕಬೇಕು. ಪುಶ್ ರಾಡುಗಳನ್ನು ಸಾಲಿಗೆ ಸರಿಯಾಗಿ ಕೂರಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಟ್ಯಾಪೆಟ್ ಸಂದಿ ಇಡಬೇಕು. ಪ್ಲಗ್ಗು ಹಾಕದೆ, ಮೊದಲು ಕೈಯಿಂದ ಇಪ್ಪತ್ತು ಸುತ್ತು, ಆಮೇಲೆ ಬ್ಯಾಟರಿಯಿಂದ, ಆಯಿಲ್ ಪ್ರೆಶರ್ ಬರುವವರೆಗೆ ತಿರುಗಿಸಬೇಕು. ಆಗ ತೂತುಗಳಿಂದ ಎಣ್ಣೆ ಚಿಮ್ಮುತ್ತದೆ, ಮುಖ ಹತ್ತಿರ ತರಬೇಡಿ, ಕಿಡಿಯ ತಂತಿ ಕಳಚಿಡಿ. ಟ್ಯಾಂಕು ತೊಳೆದು, ಕಾರ್ಬುರೇಟರ್ ಬಿಚ್ಚಿ ಅಂಟು ತೆಗೆದು, ಪೆಟ್ರೋಲಿನ ರಬ್ಬರ್ ಕೊಳವೆಗಳನ್ನು ಬದಲಿಸಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಅದು ಹಳೆಯ ಕಾಲದ ರಬ್ಬರನ್ನು ತಿನ್ನುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಕ್ಲಚ್ ಪ್ಲೇಟು ಅಂಟಿರಬಹುದು. ಬ್ರೇಕಿನ ಪೂರ್ತಿ ಕೆಲಸ ಮಾಡಿಸದೆ ಕಾರನ್ನು ರಸ್ತೆಗೆ ತರಲೇಬಾರದು. ಓಡದ ಕಾರಿನಿಂದ ಯಾರಿಗೂ ಅಪಾಯವಿಲ್ಲ, ನಿಲ್ಲದ ಕಾರಿನಿಂದ ಇದೆ.

ನಮ್ಮ ಆ ಕಾರು ಹೊರಟಾಗ ಜಾಲಿಡೀ ನೀಲಿ ಹೊಗೆ. ಸ್ವಲ್ಪ ಹೊತ್ತಿನಲ್ಲಿ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಕಂಪ್ರೆಶನ್ ಅಳೆದಾಗ ಮೂರು ಸಿಲಿಂಡರ್ ಹತ್ತಿರ ಹತ್ತಿರ, ಎರಡನೆಯದು ಮಾತ್ರ ಕಡಿಮೆ. ಅದರ ಪ್ಲಗ್ಗು ಈಗಲೂ ಎಣ್ಣೆಯಾಗುತ್ತದೆ. ಮುಂದೆ ರಿಂಗು ಬದಲಿಸಬೇಕಾದೀತು. ಆದರೆ ಬ್ಲಾಕು ಉಳಿಯಿತು, ರಾಡು ನೆಟ್ಟಗಿದೆ, ಮೂಲ ಎಂಜಿನ್ ಉಳಿಯಿತು.

ಮೂಲ ಎಂಜಿನ್ ಎಂದರೆ ಬರೇ ಭಾವನೆಯ ಮಾತಲ್ಲ. ಕಾರಿನ ಆರ್.ಸಿ. ಪುಸ್ತಕದಲ್ಲಿ ಎಂಜಿನ್ ನಂಬರು ಇರುತ್ತದೆ. ಈ ಕಾರಿನ ಪುಸ್ತಕ ಕಣ್ಣೂರಿನದು, ಯಾಕೆಂದರೆ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಕೇಂದ್ರ ಸರಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ಕಾರನ್ನು ವಿಂಟೇಜ್ ವಾಹನವಾಗಿ ನೋಂದಾಯಿಸಬಹುದು. ಆ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಆದರೆ ಅಂಥ ಕಾರನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಮುಂತಾದವುಗಳಿಗೆ ಮಾತ್ರ ರಸ್ತೆಗೆ ತರಬಹುದು, ದಿನನಿತ್ಯದ ಓಡಾಟಕ್ಕಲ್ಲ. ದಿನವೂ ಓಡಿಸಬೇಕೆನ್ನುವವರು ಸಾಮಾನ್ಯ ಆರ್.ಸಿ.ಯನ್ನೇ ನವೀಕರಿಸಿಕೊಳ್ಳಬೇಕು. ಎಂಜಿನ್ ಕೆಲಸಕ್ಕೆ ಕೈ ಹಾಕುವ ಮೊದಲೇ ಆರ್.ಸಿ. ಪುಸ್ತಕ ಮನೆಯಲ್ಲಿದೆಯೇ, ಯಾರ ಹೆಸರಿನಲ್ಲಿದೆ, ನಂಬರು ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಿ. ತೀರಿಹೋದವರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ಮಾಡಿಸುವ ಕೆಲಸವೂ ಇದೆ.

ಕೊನೆಯದಾಗಿ, ಕಾರು ಜಾಮ್ ಆಗದಂತೆ ನಿಲ್ಲಿಸುವ ಬಗೆ. ಎಣ್ಣೆ ಹೊಸತು ಮಾಡಿ, ಎಂಜಿನನ್ನು ಚೆನ್ನಾಗಿ ಕಾಯುವಷ್ಟು ಓಡಿಸಿ ನಿಲ್ಲಿಸಿ. ತಣಿದ ಮೇಲೆ ಪ್ಲಗ್ಗು ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಕೈಯಿಂದ ಕೆಲವು ಸುತ್ತು ತಿರುಗಿಸಿ, ಪುನಃ ಪ್ಲಗ್ಗು ಹಾಕಿ. ಸೈಲೆನ್ಸರಿನ ಬಾಯಿಗೂ ಕಾರ್ಬುರೇಟರಿನ ಬಾಯಿಗೂ ಎಣ್ಣೆಬಟ್ಟೆಯ ಬಿರಡೆ ಇಟ್ಟು, ಬಿರಡೆ ಇದೆಯೆಂದು ಸ್ಟಿಯರಿಂಗಿಗೆ ಚೀಟಿ ಕಟ್ಟಿ. ತಿಂಗಳಿಗೊಮ್ಮೆ ಹ್ಯಾಂಡಲ್ ಹಾಕಿ ಎರಡು ಸುತ್ತು ತಿರುಗಿಸಿ, ಮೊದಲು ನಿಂತ ಜಾಗದಲ್ಲಿಯೇ ನಿಲ್ಲಿಸದೆ ಸ್ವಲ್ಪ ಮುಂದೆ ನಿಲ್ಲಿಸಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇವೆ ಎನ್ನುವವರಿದ್ದಾರೆ. ಅದರಿಂದ ಹಾನಿಯೇ ಹೆಚ್ಚು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಕಾದರೆ ಅದು ಹೊರಗೆ ಹೋಗುತ್ತದೆ, ಕಾಯದಿದ್ದರೆ ಸಂಪಿನಲ್ಲಿಯೂ ಸೈಲೆನ್ಸರಿನಲ್ಲಿಯೂ ತಂಗುತ್ತದೆ. ಸ್ಟಾರ್ಟ್ ಮಾಡುವುದಾದರೆ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಇಲ್ಲದಿದ್ದರೆ ಕೈಯಿಂದ ತಿರುಗಿಸಿದರೆ ಸಾಕು.

ಬಂಧುಗಳೇ, ನಿಮ್ಮ ಶೆಡ್ಡಿನಲ್ಲಿಯೂ ಇಂಥದ್ದೊಂದು ಕಾರು ಇದ್ದರೆ ಗುಜರಿಯವನಿಗೆ ಇಂದೇ ಮಾತು ಕೊಡಬೇಡಿ. ಪ್ಲಗ್ಗುಗಳನ್ನು ಬಿಚ್ಚಿ, ಎಣ್ಣೆ ಬಿಟ್ಟು, ಒಂದು ತಿಂಗಳು ಕಾಯಿರಿ. ಬಿಡದಿದ್ದರೆ ಹೋದದ್ದು ಒಂದು ಲೀಟರ್ ಎಣ್ಣೆ. ಗುಜರಿಯ ಬೆಲೆ ಆಗಲೂ ಅಷ್ಟೇ ಸಿಕ್ಕೀತು. ಮಳೆಗಾಲಕ್ಕೆ ಮೊದಲೇ ಪ್ರಾರಂಭಿಸಿದರೆ ಒಳ್ಳೆಯದು.